ಹಣಕಾಸು ಪ್ರಶ್ನೋತ್ತರ: ಬಾಡಿಗೆ ಆದಾಯಕ್ಕೆ ಫ್ಲ್ಯಾಟೋ, ಊರಿನ ನಿವೇಶನವೋ?

ಪ್ರಶ್ನೆ: ನಾನು ಹಾಸನದಲ್ಲಿ ಸರ್ಕಾರಿ ನೌಕರಳು. ನಾವು ಗಂಡ ಹೆಂಡತಿ ದುಡಿದು ಉಳಿಸಿದ 30 ಲಕ್ಷ ರೂಪಾಯಿ ಬ್ಯಾಂಕಿನಲ್ಲಿದೆ. ಅದಕ್ಕೆ 40 ಲಕ್ಷ ಸಾಲ ಸೇರಿಸಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಆಚೆ 65 ಲಕ್ಷದ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವ ಯೋಚನೆಯಿದೆ. ತಿಂಗಳಿಗೆ 20 ಸಾವಿರ ಬಾಡಿಗೆ ಬರುತ್ತದೆ, ಸಾಲದ ಕಂತಿನ ಚಿಂತೆ ಇರುವುದಿಲ್ಲ ಎಂದು ದಲ್ಲಾಳಿ ಹೇಳುತ್ತಾರೆ. ಮಾವನವರು ಕೊಟ್ಟ 30×40 ಅಡಿಯ ನಿವೇಶನವೊಂದು ಹಾಸನದಲ್ಲೇ ಖಾಲಿ ಇದೆ. ಯಾವುದು ಲೇಸು?
- ಓದುಗರು, ಹಾಸನ

ಉತ್ತರ: ದಲ್ಲಾಳಿಯ ಮಾತನ್ನು ಬದಿಗಿಟ್ಟು ಲೆಕ್ಕ ಹಾಕೋಣ. 40 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಂತೆ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 34,700 ರೂಪಾಯಿ ಆಗುತ್ತದೆ. ಬಾಡಿಗೆ ಒಂದು ತಿಂಗಳೂ ತಪ್ಪದೆ ಬಂದರೂ ಕಂತಿಗೆ ಸಾಲದು. ಇದಲ್ಲದೆ, ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಈ ಬೆಲೆಯ ಫ್ಲ್ಯಾಟಿಗೆ ಶೇ 7.6ರಷ್ಟು, ಅಂದರೆ ಹತ್ತಿರ ಹತ್ತಿರ 5 ಲಕ್ಷ ಬೇಕು. ಈ ಖರ್ಚನ್ನು ಕೈಯಿಂದಲೇ ಭರಿಸಬೇಕಾದ್ದರಿಂದ ನಿಮ್ಮ ಉಳಿತಾಯವೆಲ್ಲ ಮನೆಯ ಬೀಗದ ಕೈ ಸಿಗುವ ಹೊತ್ತಿಗೇ ಬರಿದಾಗಿರುತ್ತದೆ.

ಇನ್ನು ಕೈಗೆ ಉಳಿಯುವುದೆಷ್ಟು? ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇರುತ್ತದೆಂದು ಹಿಡಿದರೆ ಬಾಡಿಗೆ 2.2 ಲಕ್ಷ. ಅದರಲ್ಲಿ ನಿರ್ವಹಣಾ ಶುಲ್ಕ ತಿಂಗಳಿಗೆ 3,000, ಆಸ್ತಿ ತೆರಿಗೆ, ಸುಣ್ಣಬಣ್ಣ, ಕೆಟ್ಟ ನಲ್ಲಿ, ಗೀಸರ್ ಎಂದು ಕಳೆದರೆ ಸುಮಾರು 1.6 ಲಕ್ಷ ಉಳಿಯಬಹುದು. ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರೇ ಕೊಡುವುದಾದರೆ ಇನ್ನೊಂದಿಷ್ಟು ಉಳಿದೀತು. ನೀವು ತೊಡಗಿಸಿದ 70 ಲಕ್ಷಕ್ಕೆ ಇದು ಶೇ 2.3ರ ಆಸುಪಾಸು. ಮೊದಲ ವರ್ಷದ ಸಾಲದ ಬಡ್ಡಿಯೊಂದೇ ಇದರ ಎರಡರಷ್ಟನ್ನು ಮೀರುತ್ತದೆ. ಮುಂದೆ ಬೆಲೆ ಏರುತ್ತದೆ ಎಂಬ ಒಂದೇ ಭರವಸೆಯ ಮೇಲೆ ಪ್ರತಿ ತಿಂಗಳೂ ಸಂಬಳದಿಂದ 20 ಸಾವಿರಕ್ಕೂ ಹೆಚ್ಚು ತುಂಬುತ್ತಾ ಹೋಗುವುದನ್ನು ಬಾಡಿಗೆ ಆದಾಯ ಎಂದು ಕರೆಯಲಾಗದು. ಮೊದಲ ಸಲ ಈ ದಾರಿಗೆ ಇಳಿಯುವವರಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ.

ತೆರಿಗೆಯಲ್ಲಿ ಉಳಿತಾಯವಾಗುತ್ತದೆ ಎಂದೂ ನಿಮಗೆ ಯಾರಾದರೂ ಹೇಳಿರಬಹುದು. ಬಾಡಿಗೆಯಲ್ಲಿ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರ ಶೇ 30ನ್ನು ದುರಸ್ತಿ ಇತ್ಯಾದಿಗೆಂದು ರಸೀದಿ ಕೇಳದೆ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಬಾಡಿಗೆಯಿಂದ ಕಳೆಯಬಹುದು. ಆದರೆ ಹೀಗೆ ಕಳೆದ ಮೇಲೆ ಉಂಟಾಗುವ ನಷ್ಟವನ್ನು ಸಂಬಳದ ಆದಾಯಕ್ಕೆ ಹೊಂದಿಸಿಕೊಳ್ಳಲು ಹೊಸ ತೆರಿಗೆ ಪದ್ಧತಿಯಲ್ಲಿ ಅವಕಾಶವಿಲ್ಲ. ಹಳೆಯ ಪದ್ಧತಿಯಲ್ಲಿಯೂ ವರ್ಷಕ್ಕೆ 2 ಲಕ್ಷದ ಮಿತಿಯಿದೆ.

ಈಗ ನಿವೇಶನದ ವಿಚಾರ. ಕೆಳಗೊಂದು ಮೇಲೊಂದು, ತಲಾ 700 ಚದರಡಿಯ ಎರಡು ಮನೆ ಕಟ್ಟಲು ಚದರಡಿಗೆ 2,000 ರೂಪಾಯಿಯಂತೆ 28 ಲಕ್ಷ ಬೇಕು. ಮನೆಗೆ 9,000 ಬಾಡಿಗೆ ಬಂದರೂ, ಒಂದು ತಿಂಗಳ ಖಾಲಿ ಅವಧಿ ಮತ್ತು ಖರ್ಚು ಕಳೆದು ವರ್ಷಕ್ಕೆ 1.7 ಲಕ್ಷದಷ್ಟು ಉಳಿಯುತ್ತದೆ. ಕಟ್ಟಿದ ವೆಚ್ಚಕ್ಕೆ ಇದು ಶೇ 6. ನಿವೇಶನಕ್ಕೂ ಬೆಲೆಯಿದೆಯಲ್ಲ, ಅದನ್ನು ಸೇರಿಸಿದರೆ ಆದಾಯದ ಪ್ರಮಾಣ ಇಳಿಯುತ್ತದೆ ಎಂಬುದನ್ನು ಮರೆಮಾಚಬಾರದು. ಆದರೂ ನಾನು ಇದನ್ನೇ ಆರಿಸುವೆ. ದೊಡ್ಡ ಸಾಲವಿಲ್ಲ, ಒಂದು ಮನೆ ಖಾಲಿಯಾದಾಗ ಇನ್ನೊಂದರ ಬಾಡಿಗೆ ಬರುತ್ತಿರುತ್ತದೆ, ನೀರಿನ ಪೈಪು ಒಡೆದರೆ ಅರ್ಧ ಗಂಟೆಯಲ್ಲಿ ನೀವೇ ಹೋಗಿ ನಿಲ್ಲಬಹುದು. ನಕ್ಷೆ ಮಂಜೂರಾತಿ ಪಡೆದೇ ಕೆಲಸ ಆರಂಭಿಸಿ. ಎರಡೂ ಮನೆಗೆ ಪ್ರತ್ಯೇಕ ವಿದ್ಯುತ್ ಮೀಟರು ಹಾಕಿಸಿ. ಒಂದೇ ಮೀಟರಿನ ಬಿಲ್ಲು ಹಂಚಿಕೊಳ್ಳುವಲ್ಲಿ ಹುಟ್ಟುವಷ್ಟು ಜಗಳ ಬೇರೆಲ್ಲೂ ಹುಟ್ಟುವುದಿಲ್ಲ. ನಿಮ್ಮಲ್ಲಿರುವ 30 ಲಕ್ಷವನ್ನೂ ಗಾರೆ ಕೆಲಸಕ್ಕೇ ಸುರಿಯದೆ, ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲೇ ಬಿಟ್ಟು, ಕೊರತೆ ಬಿದ್ದರೆ ಐದಾರು ಲಕ್ಷದ ಸಣ್ಣ ಸಾಲ ಮಾಡಿ.

ಇಷ್ಟಾದರೂ ಬೆಂಗಳೂರಿನ ಫ್ಲ್ಯಾಟೇ ಬೇಕೆಂದು ಮನಸ್ಸಿದ್ದರೆ, ಹೊಸದಕ್ಕಿಂತ ಜನ ವಾಸವಿರುವ ಕಟ್ಟಡವನ್ನೇ ನೋಡಿ. ಸಂಜೆ ಏಳರ ಮೇಲೆ ಹೋಗಿ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿಲ್ಲ ಎಂದು ಗಮನಿಸಿ, ಕಾವಲುಗಾರರನ್ನು ಮಾತಿಗೆಳೆದು ಯಾವ ಮನೆ ಎಷ್ಟು ತಿಂಗಳಿಂದ ಖಾಲಿಯಿದೆ, ನಿಜವಾದ ಬಾಡಿಗೆ ಎಷ್ಟು ಎಂದು ವಿಚಾರಿಸಿ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರದ ಹೊರವಲಯ ಟ್ಯಾಂಕರ್ ನೀರಿಗೆ ಪರದಾಡಿದ್ದರಿಂದ, ಕಟ್ಟಡದ ನಿವಾಸಿಗಳ ಸಂಘದ ಮಾರ್ಚ್, ಏಪ್ರಿಲ್ ತಿಂಗಳ ನೀರಿನ ಖರ್ಚನ್ನು ಕೇಳಿ ನೋಡಿ. ಕಾಗದಪತ್ರಗಳಲ್ಲಿ ಇ-ಖಾತೆ, ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇ.ಸಿ.), ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳು, ಕಟ್ಟಡ ವಾಸಕ್ಕೆ ಸಿದ್ಧ ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಇವಿಷ್ಟನ್ನೂ ನೀವೇ ಗೊತ್ತುಮಾಡಿದ ವಕೀಲರಿಗೆ ತೋರಿಸಿ. ಮಾರುವವರು ಸೂಚಿಸಿದ ವಕೀಲರ ಅಭಿಪ್ರಾಯವನ್ನು ನೆಚ್ಚಬೇಡಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯನ್ನು ಬಾಡಿಗೆಯ ಬದಲು 12 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು, ಆ ಹಣವನ್ನೇ ಮುಂಗಡವಾಗಿ ಹೂಡಿ ಇನ್ನೊಂದು ಮನೆ ಕೊಳ್ಳಬಹುದೇ?
- ಓದುಗರು, ಮೈಸೂರು

ಉತ್ತರ: ಕೊಳ್ಳಬೇಡಿ. ಭೋಗ್ಯದ ಹಣ ನಿಮ್ಮದಲ್ಲ, ಅವಧಿ ಮುಗಿದ ದಿನ ಪೂರ್ತಿ ಹಿಂತಿರುಗಿಸಬೇಕಾದ ಸಾಲ. ಮುಂದಿನ ಭೋಗ್ಯದವರು ಕೊಡುವ ಹಣದಿಂದ ಹಿಂದಿನವರಿಗೆ ಕೊಟ್ಟರಾಯಿತು ಎಂದು ನಂಬಿ ಕುಳಿತವರು, ಆ ಹೊತ್ತಿಗೆ ಯಾರೂ ಸಿಗದಿದ್ದರೆ ಮನೆಯನ್ನೇ ಅಗ್ಗಕ್ಕೆ ಮಾರಬೇಕಾದೀತು. ಮೊದಲ ಮನೆ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ಬದಲಿಗೆ ಮಾಮೂಲಿ ಬಾಡಿಗೆಗೇ ಕೊಡಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ. ತಿಂಗಳ ಬಾಡಿಗೆ 3,500 ಮೀರಿದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದ ಕಾರಣ, ನಾಳೆ ತಕರಾರು ಬಂದರೆ ನಿಮ್ಮ ಕರಾರಿನ ಮಾತುಗಳೇ ಮುಖ್ಯವಾಗುತ್ತವೆ. ಮನೆ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು, ಬಣ್ಣದ ಖರ್ಚಿಗೆ ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುವುದು, ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ ಎಂಬ ಮೂರನ್ನೂ ಅಂಕಿಯಲ್ಲೇ ಬರೆಸಿ, ಮುಂಗಡವನ್ನು ಬೇರೆ ಖಾತೆಯಲ್ಲಿ ಠೇವಣಿ ಇಡಿ.