ಬೀಜ ಬೇಕೋ, ಬಿಲ್ ಬೇಕೋ?

ಧಾರವಾಡದ ವಿದ್ಯಾರ್ಥಿಯೊಬ್ಬರ ಪತ್ರದ ಸಾರ ಇಷ್ಟು: ‘ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ ಬೆಳೆಯನ್ನು ಯಾರು ಕದ್ದು ಬಿತ್ತಿದರೂ ಈಗ ಬಯೋಇನ್ಫರ್ಮ್ಯಾಟಿಕ್ಸ್ ಇದೆ. ಡಿಎನ್‌ಎ ಓದಿ ಕಂಪ್ಯೂಟರಿಗೆ ಕೊಟ್ಟರೆ ಸಿಕ್ಕಿಬೀಳುತ್ತದೆ. ನೀವು ಮಾತ್ರ ಇನ್ನೂ ಬೀಜದ ಚೀಲಕ್ಕೆ ಲೇಬಲ್ ಬೇಕು, ಮಾಹಿತಿ ಬೇಕು ಅಂತ ಹಳೇ ರಾಗ ಹಾಡುತ್ತೀರಿ.’

ಸಂಪಾದಕನನ್ನು ಬೈದು ಬರೆಯುವ ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ. ಹಾಗಾಗಿ ಖುಷಿಯಾಯಿತು. ನೀವು ಹೇಳಿದ್ದು ಸುಳ್ಳೇನಲ್ಲ. ಎಷ್ಟೋ ಕುಲಾಂತರಿ ಬೆಳೆಗಳಲ್ಲಿ ಹೊಸ ಜೀನಿಗೆ ಸ್ವಿಚ್ ಆಗಿ 35ಎಸ್ ಎಂಬ ತುಣುಕು ಇರುತ್ತದೆ. ಅದನ್ನು ಹೂಕೋಸಿನ ವೈರಸ್ಸಿನಿಂದ ತೆಗೆದದ್ದು. ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಪರೀಕ್ಷೆ ಅದನ್ನು ಹುಡುಕುತ್ತದೆ. ಸಿಕ್ಕ ಡಿಎನ್‌ಎ ಅಕ್ಷರಸಾಲನ್ನು ಡೇಟಾಬೇಸಿನ ಜೊತೆ ತಾಳೆ ನೋಡುವುದು ನಿಮ್ಮ ಕಂಪ್ಯೂಟರಿನ ಕೆಲಸ. ಒಪ್ಪಿದೆ. (ಆ ವೈರಸ್ಸೇ ತಗುಲಿದ ಕೋಸಿನಲ್ಲೂ 35ಎಸ್ ಸಿಗುತ್ತದೆ. ಅವಸರದವರು ಅಲ್ಲೇ ಜಾರುವುದು.)

ಆದರೆ ಏನನ್ನು ಹುಡುಕಬೇಕು ಅಂತ ಕಂಪ್ಯೂಟರಿಗೆ ಹೇಳುವವರು ಯಾರು?

1987ರಲ್ಲಿ ಜರ್ಮನಿಯ ಕಲೋನಿನಲ್ಲಿ ವಿಜ್ಞಾನಿಗಳು ಮೆಕ್ಕೆಜೋಳದ ಒಂದು ಜೀನ್ ಸೇರಿಸಿ ಪೆಟೂನಿಯಾ ಹೂವಿನ ಬಣ್ಣ ಬದಲಿಸಿದ್ದರು. ಎಲ್ಲರೂ ಮರೆತರು. 2015ರಲ್ಲಿ ಸಸ್ಯವಿಜ್ಞಾನಿ ಟೀಮು ಟೇರಿ ಹೆಲ್ಸಿಂಕಿ ರೈಲು ನಿಲ್ದಾಣದ ಹೊರಗೆ ಕಿತ್ತಳೆ ಬಣ್ಣದ ಪೆಟೂನಿಯಾ ಕಂಡರು. ಪೆಟೂನಿಯಾಕ್ಕೆ ಈ ಬಣ್ಣ ಎಲ್ಲಿಂದ ಬಂತು? ಹಳೇ ಪ್ರಯೋಗ ನೆನಪಾಯಿತು. ಒಂದು ಕಡ್ಡಿ ತಂದು ಪರೀಕ್ಷಿಸಿದರು. ಮೆಕ್ಕೆಜೋಳದ ಜೀನ್ ಅಲ್ಲೇ ಇತ್ತು! 2017ರಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಆ ಹೂಗಳನ್ನು ಅಂಗಡಿಗಳಿಂದ ತೆಗೆಸಿದರು. ಅಲ್ಲಿಯವರೆಗೆ ಜನ ದುಡ್ಡು ಕೊಟ್ಟು ಮನೆಗೆ ಒಯ್ಯುತ್ತಿದ್ದರು. ಡೇಟಾಬೇಸ್ ಇರಲಿಲ್ಲವಾ? ಇತ್ತು. ಅದನ್ನು ಕೇಳುವವರಿರಲಿಲ್ಲ.

ನಮ್ಮ ದೇಶದ ಕತೆಯೂ ಅಷ್ಟೇ. ಕಾಯಿಕೊರಕ ಹುಳವನ್ನು ಕೊಲ್ಲುವ ಜೀನ್ ಸೇರಿಸಿದ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅದಕ್ಕೂ ಮೊದಲೇ, 2001ರಲ್ಲಿ, ಗುಜರಾತಿನ ಹೊಲಗಳಲ್ಲಿ ಅದು ಬೆಳೆದು ನಿಂತಿತ್ತು. ಆ ವರ್ಷ ಕಾಯಿಕೊರಕ ಉಳಿದವರ ಹತ್ತಿಯನ್ನು ತಿಂದು ಹಾಕಿತು, ಬಿಟಿ ಬಿತ್ತಿದವರದ್ದನ್ನು ಬಿಟ್ಟಿತು. ಗುಟ್ಟು ರಟ್ಟು ಮಾಡಿದ್ದು ಹುಳ ಸ್ವಾಮಿ. ಲ್ಯಾಬ್ ಬಂದಿದ್ದು ಆಮೇಲೆ.

ಈಗ ಜೀನ್ ಎಡಿಟಿಂಗ್ ಬಂದಿದೆ, ಅಂದರೆ ಬೆಳೆಯ ಸ್ವಂತ ಡಿಎನ್‌ಎಯಲ್ಲೇ ಅಕ್ಷರ ತಿದ್ದುವುದು. ಅಲ್ಲಿ ಹೊರಗಿನ ತುಣುಕೇ ಉಳಿಯದಿರಬಹುದು. ಭತ್ತದ ಕೋಟಿಗಟ್ಟಲೆ ಅಕ್ಷರಗಳಲ್ಲಿ ಒಂದೆರಡು ಬದಲಾದರೆ, ಅದು ಬಿಸಿಲು ಮಾಡಿದ್ದೋ ವಿಜ್ಞಾನಿ ಮಾಡಿದ್ದೋ ಅಂತ ಯಾವ ಸಾಫ್ಟ್‌ವೇರ್ ಹೇಳೀತು? ಮಾಡಿದವರೇ ‘ಇಂಥ ಕಡೆ ಇಂಥದ್ದು ಬದಲಿಸಿದ್ದೇವೆ’ ಅಂತ ಬರೆದಿಟ್ಟರೆ ಮಾತ್ರ ಹುಡುಕುವುದಕ್ಕೆ ಒಂದು ದಾರಿ. 2022ರಲ್ಲಿ ನಮ್ಮ ಸರ್ಕಾರ ಹೊರಗಿನ ಡಿಎನ್‌ಎ ಇಲ್ಲದ ಇಂಥ ತಳಿಗಳನ್ನು ಕುಲಾಂತರಿಯ ಕಟ್ಟುನಿಟ್ಟಿನಿಂದ ಹೊರಗಿಟ್ಟಿತು. 2025ರಲ್ಲಿ ಎರಡು ಭತ್ತದ ತಳಿಗಳ ಘೋಷಣೆಯೂ ಆಯಿತು. ತಳಿ ಒಳ್ಳೆಯದೇ ಇರಬಹುದು, ನನ್ನ ತಕರಾರು ಅದಲ್ಲ. ಚೀಲದ ಮೇಲೆ ಬರೆಯಲು ಏನು ಕಷ್ಟ?

ಅದಕ್ಕೇ ನನ್ನ ಹಳೇ ರಾಗ. ಹಾವೇರಿ ಕಡೆ ಸೋದರಮಾವನ ಜೊತೆ ಹತ್ತಿಬೀಜ ತರಲು ಹೋಗಿದ್ದೆ. ಅಂಗಡಿಯವನು ಒಳಗಿನಿಂದ ಹೆಸರಿಲ್ಲದ ಪ್ಯಾಕೆಟ್ ತಂದ. ‘ಕಳೆ ಔಷಧಿ ಹೊಡೆದರೂ ಸಾಯಲ್ರೀ’ ಅಂದ. ಅಂಥ ಹತ್ತಿಗೆ ನಮ್ಮಲ್ಲಿ ಒಪ್ಪಿಗೆಯೇ ಇಲ್ಲ. ನಾನು ಬಿಲ್ ಕೇಳಿದೆ.

‘ಬೀಜ ಬೇಕೋ, ಬಿಲ್ ಬೇಕೋ ಸರ?’

ಮಾವ ನನ್ನ ಮುಖ ನೋಡಲಿಲ್ಲ. ಬೀಜ ತಗೊಂಡರು.