9 ಕೆಜಿಗೂ 13 ಕೆಜಿಗೂ ನಡುವೆ: ಒಂದು ಆಪ್ತಸಲಹೆ ಪ್ರಕರಣ

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ನನ್ನ ಸಲಹಾ ಕೊಠಡಿಗೆ ಬಂದ ದಂಪತಿಯ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮಗುವಿನ ವಯಸ್ಸು, ತೂಕ ಮತ್ತು ಕಾರಿನ ಸೀಟಿನ ಸಂಗತಿಯನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಜಗಳ ಹುಟ್ಟಿದ್ದೇ ಅಲ್ಲಿಂದ.

ಸಲಹೆಗೆ ಬಂದ ಕಾರಣವನ್ನು ಇಬ್ಬರೂ ಪ್ರತ್ಯೇಕವಾಗಿ ಬರೆದುಕೊಡಬೇಕೆಂದು ನಾನು ಮೊದಲ ದಿನವೇ ಕೇಳುತ್ತೇನೆ. ಗಂಡ ಬರೆದದ್ದು, "ಸಣ್ಣ ವಿಷಯಕ್ಕೆ ಪದೇ ಪದೇ ಜಗಳ" ಎಂದು. ಹೆಂಡತಿ ಬರೆದದ್ದು ಒಂದೇ ಪದ: "ನಂಬಿಕೆ." ಈ ಎರಡು ಚೀಟಿಗಳ ನಡುವಿನ ಅಂತರವೇ ಈ ಪ್ರಕರಣ.

ಇವರ ವಾಸ ನಗರದಲ್ಲಿ. ಗಂಡನ ಮನೆಯವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಹೆಂಡತಿಯ ತವರು ಆಗುಂಬೆ ಘಾಟಿ ಇಳಿದ ಮೇಲೆ, ಹೆಬ್ರಿಯ ಬಳಿ. ಹಾಗಾಗಿ ತಿಂಗಳಲ್ಲಿ ಮೂರು ನಾಲ್ಕು ಸಲವಾದರೂ ಕಾರಿನ ಪ್ರಯಾಣ ತಪ್ಪದು. ಮಗಳಿಗೆ ಎರಡು ವರ್ಷ ಹತ್ತು ತಿಂಗಳು, ತೂಕ 11 ಕೆಜಿ 800 ಗ್ರಾಂ. ಹುಟ್ಟಿದಾಗಿನಿಂದ ಮಗುವನ್ನು ಕಾರಿನ ಹಿಂದಿನ ಆಸನದಲ್ಲಿ, ಮಕ್ಕಳ ಸೀಟಿನಲ್ಲಿ, ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುತ್ತ ಬಂದಿದ್ದರು. ಎರಡು ವರ್ಷ ತುಂಬಿದ ಮೇಲೆ ಗಂಡನೂ ಅತ್ತೆಯೂ ಸೀಟನ್ನು ಮುಂದಕ್ಕೆ ತಿರುಗಿಸಬೇಕೆಂದರು, ಈಕೆ ಒಪ್ಪಲಿಲ್ಲ. ಹೀಗೆ ಹತ್ತು ತಿಂಗಳು ನಡೆದಿದೆ.

ಸೀಟಿನ ಬದಿಗೆ ಅಂಟಿಸಿದ್ದ ಸೂಚನೆಯ ಫೋಟೊವನ್ನು ಇಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ತೆಗೆದುಕೊಂಡೇ ಬಂದಿದ್ದರು. ಹಿಂದಕ್ಕೆ ಮುಖ ಮಾಡಿ 13 ಕೆಜಿ ತನಕ, ಮುಂದಕ್ಕೆ ಮುಖ ಮಾಡಿ 9 ಕೆಜಿಯಿಂದ 18 ಕೆಜಿ ತನಕ ಎಂದು ಅದರಲ್ಲಿತ್ತು. ಗಂಡ 9ರ ಮೇಲೆ ಬೆರಳಿಟ್ಟು "ಆಗಲೇ ದಾಟಿ ಆಯಿತಲ್ಲ" ಎಂದರು. ಹೆಂಡತಿ 13ರ ಮೇಲೆ ಬೆರಳಿಟ್ಟು "ಇನ್ನೂ ಮುಟ್ಟಿಲ್ಲವಲ್ಲ" ಎಂದರು. ಇಬ್ಬರು ಓದಿದ್ದೂ ಸರಿಯೇ. ಒಂದೇ ಚೀಟಿ ಎರಡಕ್ಕೂ ಅವಕಾಶ ಕೊಡುವ ಈ ನಾಲ್ಕು ಕೆಜಿಯ ಅಂತರದಲ್ಲಿ ಮಗು ಕುಳಿತಿತ್ತು, ಅದರ ಸುತ್ತ ಮೂವರು ದೊಡ್ಡವರು.

ಆಪ್ತಸಲಹೆಯಲ್ಲಿ ಸಾಮಾನ್ಯವಾಗಿ ನಾನು ಯಾರು ಸರಿ ಎಂದು ತೀರ್ಪು ಕೊಡುವುದಿಲ್ಲ. ಆದರೆ ಮಗುವಿನ ಜೀವದ ಪ್ರಶ್ನೆ ಬಂದಾಗ ಎರಡೂ ಕಡೆಯವರ ಮನಸ್ಸು ಸಮಾಧಾನವಾಗಲೆಂದು ಸತ್ಯವನ್ನು ಅರ್ಧಕ್ಕೆ ಹಂಚಲು ಬರುವುದಿಲ್ಲ. ಆದ್ದರಿಂದ ಎರಡನೆಯ ಭೇಟಿಯಲ್ಲಿ ನೇರವಾಗಿಯೇ ಹೇಳಿದೆ: ಹಿಂದಕ್ಕೆ ಮುಖ ಮಾಡಿ ಕೂರಿಸಲು ಸೀಟು ಅವಕಾಶ ಕೊಡುವಷ್ಟು ಕಾಲ ಹಾಗೆಯೇ ಕೂರಿಸುವುದು ಮಗುವಿಗೆ ಹೆಚ್ಚು ಸುರಕ್ಷಿತ. ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರವೂ ಹೆಚ್ಚು. ಕತ್ತಿನ ಮೂಳೆಗಳು ಈ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದಾಗ ಮುಂದಕ್ಕೆ ಮುಖ ಮಾಡಿದ ಮಗುವಿನ ಎದೆಯನ್ನು ಬೆಲ್ಟು ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆದಂತಾಗಿ ಕತ್ತು ಆ ಎಳೆತವನ್ನೆಲ್ಲ ತಾಳಬೇಕಾಗುತ್ತದೆ. ಹಿಂದಕ್ಕೆ ಮುಖ ಮಾಡಿದ ಮಗುವಿನ ತಲೆ, ಕತ್ತು, ಬೆನ್ನು ಒಟ್ಟಿಗೆ ಸೀಟಿನ ಬೆನ್ನಿಗೆ ಒರಗಿಕೊಳ್ಳುವುದರಿಂದ ಆ ಬಲ ಒಂದೇ ಕಡೆ ಬೀಳದೆ ಹರಡಿಹೋಗುತ್ತದೆ.

ಗಂಡನಿಗೆ ಯಂತ್ರಗಳ ವಿಚಾರದಲ್ಲಿ ಆಸಕ್ತಿ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವಿಜ್ಞಾನಿಗೆ ಈ ಸೀಟಿನ ಕಲ್ಪನೆ ಹೊಳೆದದ್ದು, ಜೆಮಿನಿ ನೌಕೆಯ ಗಗನಯಾತ್ರಿಗಳು ಹೊರಟ ರಭಸವನ್ನು ಬೆನ್ನಿನ ಮೇಲೆ ತಾಳುವಂತೆ ಒರಗಿಕೊಳ್ಳುವ ಆಸನದಿಂದ ಎಂದು ಹೇಳಿದಾಗ ಅವರು ಮೊದಲ ಬಾರಿಗೆ ಕುರ್ಚಿಯಲ್ಲಿ ಮುಂದೆ ಬಾಗಿ ಕೇಳಿದರು. ಆ ದೇಶದಲ್ಲಿ ಮಕ್ಕಳನ್ನು ಸುಮಾರು ನಾಲ್ಕು ವರ್ಷದ ತನಕ ಹೀಗೆಯೇ ಕೂರಿಸುವ ರೂಢಿಯಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷದ ಗಡಿ ಹೇಳಿತ್ತು. 2018ರಲ್ಲಿ ವಯಸ್ಸಿನ ಆ ಗಡಿಯನ್ನೇ ತೆಗೆದು, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವ ತನಕ ಎಂದು ತಿದ್ದಿತು. ನಮ್ಮ ಮಕ್ಕಳಿಗೆ ಈ ತಿದ್ದುಪಡಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಸಣ್ಣ ಮೈಕಟ್ಟಿನ ಮಗು ಮೂರು ವರ್ಷದ ಹತ್ತಿರ ಬಂದರೂ 12 ಕೆಜಿ ಮುಟ್ಟಿರುವುದಿಲ್ಲ. ಅದರ ಕತ್ತಿಗೆ ಹುಟ್ಟುಹಬ್ಬದ ಲೆಕ್ಕ ಗೊತ್ತಿಲ್ಲ.

ಹೆಂಡತಿಗೂ ಒಂದು ತಿದ್ದುಪಡಿ ಹೇಳಬೇಕಾಯಿತು. ಹಿಂದಕ್ಕೆ ಮುಖ ಮಾಡಿದರೆ ಐದು ಪಟ್ಟು ಸುರಕ್ಷಿತ ಎಂಬ ಮಾತನ್ನು ಆಕೆ ಪ್ರತಿ ವಾದದಲ್ಲೂ ಮುಂದಿಡುತ್ತಿದ್ದರು. ಆ ಅಂಕಿ 2007ರ ಒಂದು ಸಂಶೋಧನಾ ಪ್ರಬಂಧದ್ದು. ಲೆಕ್ಕದಲ್ಲಿ ದೋಷ ಕಂಡುಬಂದು ಅದನ್ನು ನಂತರ ಹಿಂದಕ್ಕೆ ಪಡೆಯಲಾಯಿತು. ಕತ್ತಿನ ಕಾರಣ ಹಾಗೆಯೇ ನಿಲ್ಲುತ್ತದೆ, ಆದರೆ ಆ ಸಂಖ್ಯೆಯನ್ನು ಬಿಟ್ಟುಬಿಡಿ ಎಂದೆ. ಆಕೆಗೆ ಬೇಸರವಾಯಿತು, ಗಂಡನ ಮುಂದೆಯೇ ಹೇಳಿದ್ದು ಇನ್ನಷ್ಟು ನೋಯಿಸಿರಬೇಕು. ಆದರೂ ಹೇಳದೆ ಇರುವಂತಿರಲಿಲ್ಲ. ಒಬ್ಬರ ತಪ್ಪನ್ನು ಮಾತ್ರ ತಿದ್ದಿದರೆ ಮತ್ತೊಬ್ಬರು ಕೇಳುವುದನ್ನೇ ನಿಲ್ಲಿಸುತ್ತಾರೆ.

ಇಷ್ಟಾದರೂ "ನಂಬಿಕೆ" ಎಂಬ ಪದ ಎಲ್ಲಿಂದ ಬಂತು ಎಂದು ತಿಳಿದದ್ದು ಎರಡನೆಯ ಭೇಟಿಯ ಕೊನೆಯಲ್ಲಿ. ತಾಯಿ ಜೊತೆಯಲ್ಲಿಲ್ಲದ ದಿನಗಳಲ್ಲಿ, ಗಂಡ ತಮ್ಮ ಅಮ್ಮನನ್ನೂ ಮಗಳನ್ನೂ ತೋಟದ ಮನೆಯಿಂದ ಕರೆತರುವಾಗ, ಮಗು ಮುಂದಿನ ಆಸನದಲ್ಲಿ ಅಜ್ಜಿಯ ಮಡಿಲಲ್ಲಿ ಬರುತ್ತಿತ್ತು. ಒಂದು ಸಂಜೆ ಮಗು ಬಟ್ಟೆಯ ಗೊಂಬೆಯನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು, ಸ್ಟೀರಿಂಗ್ ತಿರುಗಿಸುವ ಆಟ ಆಡುತ್ತ, ಗೊಂಬೆಯ ಕಿವಿಯಲ್ಲಿ "ಅಮ್ಮಂಗೆ ಹೇಳಬಾರದು" ಎಂದಿತಂತೆ. ಅದನ್ನು ಹೇಳುವಾಗ ಆಕೆ ಅಳಲಿಲ್ಲ, ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ. ಸೀಟಿನ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಆದರೆ ಮಡಿಲಲ್ಲಿ ಕೂರಿಸುವುದು ಯಾವ ಓದಿನಲ್ಲೂ ಸರಿಯಲ್ಲ, ಮುಂದಿನ ಆಸನದಲ್ಲಂತೂ ಏರ್‌ಬ್ಯಾಗಿನ ಅಪಾಯವೂ ಸೇರುತ್ತದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವಿದೆ. ಅದಕ್ಕಿಂತಲೂ ಗಂಭೀರವಾದದ್ದು, ದೊಡ್ಡವರೊಬ್ಬರು ಹೇಳಿದರೆ ತಾಯಿಯಿಂದ ಒಂದು ಸಂಗತಿಯನ್ನು ಮುಚ್ಚಿಡಬೇಕೆಂದು ಮೂರು ವರ್ಷದ ಮಗು ಕಲಿತದ್ದು. ಇವತ್ತು ಹೇಳಿದ್ದು ಅಪ್ಪ. ನಾಳೆ ಇದೇ ಮಾತನ್ನು ಬೇರೆ ಯಾರೋ, ಬೇರೆ ಕಾರಣಕ್ಕೆ ಹೇಳಿದರೆ ಮಗು ಅದನ್ನೂ ಪಾಲಿಸುತ್ತದೆ ಎಂದು ಗಂಡನಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊಟ್ಟ ಸಲಹೆ ಇಷ್ಟು: ಹೆಂಡತಿಯ ಕ್ಷಮೆ ಕೇಳುವುದು ನಿಮಗೆ ಬಿಟ್ಟದ್ದು, ಆದರೆ ಮಗುವಿನ ಎದುರು ಕುಳಿತು, "ಅಮ್ಮಂಗೆ ಹೇಳಬೇಡ ಅಂತ ಅಪ್ಪ ಹೇಳಿದ್ದು ತಪ್ಪು, ಅಮ್ಮಂಗೆ ನೀನು ಎಲ್ಲವನ್ನೂ ಹೇಳಬಹುದು" ಎಂದು ನೀವೇ ನಿಮ್ಮ ಬಾಯಿಂದ ಹೇಳಬೇಕು. ಹೆಂಡತಿಗೆ ಹೇಳಿದ್ದು, ಮಗು ಮನೆಗೆ ಬಂದ ಕೂಡಲೇ ಹೇಗೆ ಕೂತಿದ್ದೆ, ಯಾರ ಹತ್ತಿರ ಕೂತಿದ್ದೆ ಎಂದು ವಿಚಾರಣೆ ನಡೆಸಬಾರದು. ಕೇಳುವುದಿದ್ದರೆ ಗಂಡನನ್ನೇ ಕೇಳಬೇಕು.

ಮೂರನೆಯ ಭೇಟಿಗೆ ಅಜ್ಜಿಯೂ ಬಂದರು. "ಮೂರು ವರ್ಷದ ಕೂಸನ್ನ ಹಿಂದೆ ಮುಖ ಮಾಡಿ ಕಟ್ಟಿ ಹಾಕೋದಾ ಮೇಡಂ? ಕಾಲು ಮಡಚಿ ಮಡಚಿ ಎಷ್ಟು ನೋಯುತ್ತೋ" ಎಂದು ಅವರು ಶುರುಮಾಡಿದರು. ನಾವು ನಾಲ್ವರು ಅದರ ಕಾಲಿನ ಬಗ್ಗೆ ಮಾತಾಡುತ್ತಿದ್ದ ಸುಮಾರು ಮುಕ್ಕಾಲು ಗಂಟೆಯೂ ಮಗು ನನ್ನ ಕೊಠಡಿಯ ದೊಡ್ಡ ಕುರ್ಚಿಯಲ್ಲಿ, ಕಾಲು ಇಳಿಬಿಡಲು ಬೇಕಾದಷ್ಟು ಜಾಗವಿದ್ದರೂ, ಚಕ್ಕಳಮಕ್ಕಳ ಹಾಕಿ ಕುಳಿತು ಚಿತ್ರಪುಸ್ತಕ ತಿರುವುತ್ತಿತ್ತು. ನಾನು ಕಣ್ಣಲ್ಲೇ ಅತ್ತ ತೋರಿಸಿದೆ. ಅಜ್ಜಿ ನೋಡಿದರು, ಮತ್ತೆ ಕಾಲಿನ ಮಾತು ಎತ್ತಲಿಲ್ಲ.

ಅವರ ನಿಜವಾದ ದುಃಖ ಬೇರೆಯದೇ ಆಗಿತ್ತು. ಮಂಡಿನೋವಿನಿಂದಾಗಿ ಅವರು ಕಾಲು ಚಾಚಲು ಮುಂದಿನ ಆಸನದಲ್ಲಿ ಕೂರುತ್ತಿದ್ದರು. ಹಿಂದೆ ಒಂಟಿಯಾಗಿ ಕುಳಿತ ಮಗುವಿಗೆ ಯಾರ ಮುಖವೂ ಕಾಣದೆ ಮಂಡಗದ್ದೆ ಬರುವಷ್ಟರಲ್ಲಿ ಅಳು ಜೋರಾಗುತ್ತಿತ್ತು. ಆ ಅಳುವನ್ನು ಕೇಳಿಸಿಕೊಂಡು ಸುಮ್ಮನೆ ಕೂರಲು ಅವರಿಂದಾಗುತ್ತಿರಲಿಲ್ಲ. ಆ ಮಗುವಿಗೆ ಬೇಕಾಗಿದ್ದುದು ಸೀಟಿನ ದಿಕ್ಕು ಬದಲಾಗುವುದಲ್ಲ, ಪಕ್ಕದಲ್ಲೊಂದು ಮುಖ. ಮಕ್ಕಳ ಸೀಟನ್ನು ಚಾಲಕನ ಹಿಂಬದಿಗೆ ಬದಲಿಸಿ, ಖಾಲಿಯಾದ ಮುಂದಿನ ಆಸನವನ್ನು ಪೂರ್ತಿ ಮುಂದಕ್ಕೆ ಸರಿಸಿದರೆ ಅಜ್ಜಿ ಅದರ ಹಿಂದೆ, ಮಗುವಿನ ಪಕ್ಕದಲ್ಲೇ ಕಾಲು ಚಾಚಿ ಕೂರಬಹುದಲ್ಲ ಎಂದು ಕೇಳಿದೆ. ಗಂಡ ಅಂದೇ ಕೆಳಗೆ ಹೋಗಿ ಕಾರಿನಲ್ಲಿ ಪ್ರಯತ್ನಿಸಿ ನೋಡಿ ಬಂದರು. ಜಾಗ ಸಾಕಾಯಿತು.

ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎಂಬ ಅಜ್ಜಿಯ ಮಾತಿಗೆ ಗಂಡನೇ ಉತ್ತರ ಲೆಕ್ಕ ಹಾಕಿದರು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಲ್ಲಿ ಅರ್ಧ ಮೀಟರಿನೊಳಗೆ ನಿಂತರೆ, ಈ 12 ಕೆಜಿ ಮಗುವನ್ನು ಹಿಡಿದಿಡಲು ಸುಮಾರು 240 ಕೆಜಿ ಹೊರುವಷ್ಟು ಬಲ ಬೇಕು. "ಮೂರು ಅಡಿಕೆ ಮೂಟೆಗಿಂತ ಜಾಸ್ತಿ ಅಮ್ಮ" ಎಂದರು. ಹೆಂಡತಿ ಹತ್ತು ತಿಂಗಳು ಹೇಳಿದ್ದಕ್ಕಿಂತ ಮಗ ಒಮ್ಮೆ ಹೇಳಿದ್ದು ಹೆಚ್ಚು ತಟ್ಟಿತು. ತಾಯಿಗೆ ಹೇಳಬೇಕಾದದ್ದನ್ನು ಮಗ ಹೇಳದೆ ಹೆಂಡತಿಯ ಹೆಗಲಿಗೆ ಹಾಕಿದಾಗ ಆಕೆ ಸೊಸೆಯಾಗಿ ಕೆಟ್ಟವಳಾಗುತ್ತಾಳೆ, ಮಾತೂ ನಡೆಯುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ.

ಆಗುಂಬೆಯ 14 ತಿರುವುಗಳಲ್ಲಿ ಮಗು ವಾಂತಿ ಮಾಡುತ್ತದೆ, ಅದಕ್ಕೂ ಈ ಸೀಟೇ ಕಾರಣ ಎಂಬ ದೂರೂ ಇತ್ತು. ವಿಚಾರಿಸಿದಾಗ ಘಾಟಿಯಲ್ಲಿ ಸುಮ್ಮನಿರಲೆಂದು ಮೊಬೈಲ್ ಕೊಡುತ್ತಿದ್ದುದು ತಿಳಿಯಿತು. ಅದನ್ನು ನಿಲ್ಲಿಸಿ, ಹೊಟ್ಟೆ ತುಂಬ ತಿನ್ನಿಸದೆ ಹೊರಟು, ಘಾಟಿಗೆ ಮೊದಲು ಇಳಿಸಿ ಗಾಳಿ ಕುಡಿಸಿ, ಆಮೇಲೂ ಮುಂದುವರಿದರೆ ಮಕ್ಕಳ ವೈದ್ಯರಿಗೆ ತೋರಿಸಿ ಎಂದೆ. ಮಳೆಯ ಚಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಬೆಲ್ಟು ಬಿಗಿಯುವುದೂ ಸರಿಯಲ್ಲ, ಡಿಕ್ಕಿಯಲ್ಲಿ ಉಣ್ಣೆ ಅಮುಕಿ ಬೆಲ್ಟು ಸಡಿಲವಾಗುತ್ತದೆ. ಬೆಲ್ಟು ಬಿಗಿದ ಮೇಲೆ ಹೊದಿಕೆ ಹೊದಿಸಬೇಕು.

13 ಕೆಜಿ ಮುಟ್ಟಿದ ದಿನ, ಅಥವಾ ಅದಕ್ಕೂ ಮೊದಲೇ ನೆತ್ತಿ ಕೈಪಿಡಿ ಹೇಳಿದ ಅಂಚಿಗೆ ಬಂದ ದಿನ, ಸೀಟನ್ನು ತಿರುಗಿಸುವುದೆಂದು ಮೂವರೂ ಒಪ್ಪಿದರು. ಮುಂದಕ್ಕೆ ತಿರುಗಿಸಿದ ಮೇಲೂ ಅದೇ ಸೀಟಿನ ಬೆಲ್ಟಿನಲ್ಲೇ ಮಗು ಕೂರುತ್ತದೆ, ಮಡಿಲಿಗೆ ಬರುವುದಿಲ್ಲ ಎಂಬುದನ್ನೂ ಸೇರಿಸಿ ಒಪ್ಪಿದರು. ತೂಕ ನೋಡುವ ಕೆಲಸವನ್ನು ಅಜ್ಜಿಗೆ ವಹಿಸಿದೆ. ತಿಂಗಳಿಗೊಮ್ಮೆ ಅವರು ಅಡಿಕೆ ತೂಗುವ ಯಂತ್ರದ ಮೇಲೆ ಮೊಮ್ಮಗಳನ್ನು ನಿಲ್ಲಿಸಿ, ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಅಕ್ಟೋಬರಿನಲ್ಲಿ 12 ಕೆಜಿ 300 ಇತ್ತು. ಹಿಂದಿನ ಗಾಜಿನಲ್ಲಿ ದೂರ ಸರಿಯುವ ಮರಗಳಿಗೆಲ್ಲ ಟಾಟಾ ಹೇಳುವ ಆಟವನ್ನು ಅಜ್ಜಿಯೇ ಕಲಿಸಿದ್ದಾರೆ. ಅಳು ಪೂರ್ತಿ ನಿಂತಿಲ್ಲ, ಗಾಜನೂರು ದಾಟುವ ತನಕ ಒಮ್ಮೊಮ್ಮೆ ಇರುತ್ತದೆ.

ಹೊರಡುವ ಮೊದಲು ಬೆಲ್ಟು ಬಿಗಿದ ಮಗುವಿನ ಫೋಟೊ ಕಳಿಸುವುದಾಗಿ ಗಂಡನೇ ಮುಂದಾಗಿ ಹೇಳಿದ್ದರು. ಪಹರೆಯ ಮೇಲೆ ನಂಬಿಕೆ ಬೆಳೆಯದು ಎಂದು ನಾನು ಹಿಂಜರಿದೆ. ಕೊನೆಗೆ ಎರಡು ತಿಂಗಳ ಮಟ್ಟಿಗೆ ಎಂದು ಒಪ್ಪಿದೆ. ನಾಲ್ಕನೆಯ ಭೇಟಿಯಲ್ಲಿ ಹೆಂಡತಿ ಹೇಳಿದರು: ಕಳೆದ ಭಾನುವಾರದ ಫೋಟೊವನ್ನು ತಾನು ನೋಡಿದ್ದು ರಾತ್ರಿ ಅಡುಗೆ ಮುಗಿದ ಮೇಲೆ, ಅಷ್ಟರಲ್ಲಿ ಅವರೆಲ್ಲ ಮನೆಗೆ ಬಂದು ಊಟಕ್ಕೆ ಕುಳಿತಾಗಿತ್ತು.