ಬೋವಿ ಅವರ ಸೋಲ್ ಸಂಗೀತ ಬರಿಯ ವೇಷವಾಗಿತ್ತೇ?

ಡೇವಿಡ್ ಬೋವಿ ಅವರ ‘ಯಂಗ್ ಅಮೆರಿಕನ್ಸ್’ ಆಲ್ಬಮ್ ನಿಜವಾದ ಸೋಲ್ ಸಂಗೀತವೇ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚ್ ಗಾಯನದಿಂದ ಬೆಳೆದ ಸಂಗೀತವೇ, ಅಥವಾ ರಾಕ್ ಗಾಯಕರೊಬ್ಬರು ಕೆಲಕಾಲ ತೊಟ್ಟ ವೇಷವೇ ಎಂದು ತಾವು ಕೇಳಿದ್ದೀರಿ. ಬೋವಿ ಅವರೇ ಮುಂದೆ ಅದನ್ನು ‘ಪ್ಲಾಸ್ಟಿಕ್ ಸೋಲ್’, ಅಂದರೆ ಕೃತಕ ಸೋಲ್, ಎಂದು ಕರೆದುದರಿಂದ ಈ ಸಂದೇಹ ಸಹಜವೇ. ಆದರೆ ಆ ಆಲ್ಬಮ್ಮನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ನಾನು ಅವರ ಆ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಕಛೇರಿಯೊಂದನ್ನು ಪಕ್ಕವಾದ್ಯದವರನ್ನು ಬಿಟ್ಟು ಅಳೆಯಲಾಗದಂತೆ, ಈ ಆಲ್ಬಮ್ಮನ್ನೂ ಗಾಯಕರ ಕಂಠವೊಂದರಿಂದಲೇ ಅಳೆಯಲಾಗದು.

1974ರ ಆಗಸ್ಟ್‌ನಲ್ಲಿ, ಅಮೆರಿಕ ಪ್ರವಾಸದ ನಡುವಿನ ಬಿಡುವಿನಲ್ಲಿ, ಬೋವಿ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋಗೆ ಹೋದರು. ಗೀತರಚನಕಾರರೂ ನಿರ್ಮಾಪಕರೂ ಆದ ಗ್ಯಾಂಬಲ್ ಮತ್ತು ಹಫ್ ಜೋಡಿ ಆ ಊರಿನ ಸೋಲ್ ಸಂಗೀತವನ್ನು ರೂಪಿಸಿದ ಜಾಗವದು. ಅಲ್ಲಿನ ಖಾಯಂ ವಾದಕರ ಪೈಕಿ ಕೊಂಗಾ ಎಂಬ ಚರ್ಮವಾದ್ಯ ನುಡಿಸುವ ಲ್ಯಾರಿ ವಾಷಿಂಗ್ಟನ್ ಮಾತ್ರ ದೊರೆತರು. ಉಳಿದಂತೆ ಸೇರಿದವರೂ ಸಾಮಾನ್ಯರಲ್ಲ: ಸೋಲ್ ಗಾಯಕ ಡಾನಿ ಹ್ಯಾಥವೇ ಅವರೊಂದಿಗೆ ನುಡಿಸಿದ್ದ ಬೇಸ್ ವಾದಕ ವಿಲ್ಲಿ ವೀಕ್ಸ್, ಫಂಕ್ ಗಾಯಕ ಸ್ಲೈ ಸ್ಟೋನ್ ಅವರ ತಂಡದ ಡ್ರಮ್ಮರ್ ಆಗಿದ್ದ ಆಂಡಿ ನ್ಯೂಮಾರ್ಕ್, ಸ್ಯಾಕ್ಸೋಫೋನಿಗೆ ಡೇವಿಡ್ ಸ್ಯಾನ್‌ಬರ್ನ್, ಎಲ್ಲಕ್ಕಿಂತ ಮುಖ್ಯವಾಗಿ ಕಪ್ಪು ಕಲಾವಿದರ ಹೆಸರಾಂತ ವೇದಿಕೆಯಾದ ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ವಾದ್ಯವೃಂದದಲ್ಲಿ ಪಳಗಿದ್ದ ಗಿಟಾರ್ ವಾದಕ ಕಾರ್ಲೋಸ್ ಅಲೊಮಾರ್.

ಅಲೊಮಾರ್ ತಮ್ಮ ಪತ್ನಿ ರಾಬಿನ್ ಕ್ಲಾರ್ಕ್ ಅವರನ್ನೂ ಗೆಳೆಯ ಲೂಥರ್ ವ್ಯಾಂಡ್ರಾಸ್ ಅವರನ್ನೂ ಸ್ಟುಡಿಯೋಗೆ ಕರೆತಂದಿದ್ದರು. ವ್ಯಾಂಡ್ರಾಸ್ ಆಗಿನ್ನೂ ಹೆಸರಿಲ್ಲದ ಯುವಕ; ಅವರಿಗೆ ದೊಡ್ಡ ಖ್ಯಾತಿ ತಂದ ಆಲ್ಬಮ್ ಬಂದದ್ದು 1981ರಲ್ಲಿ. ಶೀರ್ಷಿಕೆ ಗೀತೆಯ ಧ್ವನಿಮುದ್ರಣ ನಡೆಯುತ್ತಿದ್ದಾಗ ಅವರು ತಮ್ಮಷ್ಟಕ್ಕೆ ಒಂದು ಸಾಲನ್ನು ಗುನುಗಿ ಕ್ಲಾರ್ಕ್ ಅವರಿಗೆ ತೋರಿಸಿದ್ದು ಬೋವಿ ಅವರ ಕಿವಿಗೆ ಬಿತ್ತು, ಅದೇ ಹಾಡಿನ ಭಾಗವಾಯಿತು. ಅಷ್ಟಕ್ಕೇ ನಿಲ್ಲದೆ ಸಹಗಾಯನವನ್ನು ಹೆಣೆಯುವ ಹೊಣೆಯೂ ವ್ಯಾಂಡ್ರಾಸ್ ಅವರಿಗೆ ಬಂದಿತು. ಅವರದೇ ಹಾಡೊಂದನ್ನು ಆಧರಿಸಿದ ‘ಫ್ಯಾಸಿನೇಷನ್’ ಗೀತೆಯಲ್ಲಿ ಬೋವಿ, ವ್ಯಾಂಡ್ರಾಸ್ ಇಬ್ಬರ ಹೆಸರೂ ರಚನಕಾರರಾಗಿ ಮುದ್ರಿತವಾಗಿದೆ. ಆಗ ಜಗತ್ತೇ ಬಲ್ಲ ತಾರೆಯೊಬ್ಬರು ಅಪರಿಚಿತ ಹುಡುಗನೊಬ್ಬನಿಂದ ಹೀಗೆ ಕಲಿತು, ಅದನ್ನು ಮರೆಮಾಚದೆ ದಾಖಲಿಸಿದ್ದು ನನಗೆ ಇಂದಿಗೂ ದೊಡ್ಡ ಸಂಗತಿಯೆನಿಸುತ್ತದೆ.

1975ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಸಿದ್ಧವಾದ, ಇದೇ ಆಲ್ಬಮ್ಮಿನ ‘ಫೇಮ್’ ಹಾಡಿನ ಕಥೆಯೂ ಇಂಥದೇ. ಬೀಟಲ್ಸ್ ಖ್ಯಾತಿಯ ಜಾನ್ ಲೆನನ್ ಅದರಲ್ಲಿ ಪಾಲ್ಗೊಂಡದ್ದನ್ನು ಎಲ್ಲರೂ ನೆನೆಯುತ್ತಾರೆ, ಆದರೆ ಹಾಡು ನಿಂತಿರುವುದು ಅಲೊಮಾರ್ ಅವರ ಗಿಟಾರಿನ ಮೇಲೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಬೋವಿ ಅವರ ಮೊದಲ ಅಗ್ರಸ್ಥಾನದ ಹಾಡಾಯಿತು.

ಕಂಠದ ವಿಷಯದಲ್ಲಿ ತಮ್ಮ ಸಂದೇಹದಲ್ಲಿ ಹುರುಳಿದೆ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಹುಟ್ಟಿದ ಬೋವಿ ಅವರಿಗೆ ಚರ್ಚಿನ ಗಾಸ್ಪೆಲ್ ಗಾಯನದಲ್ಲಿ ಬೆಳೆದವರ ತುಂಬು ದನಿ ಇರಲಿಲ್ಲ. ಪ್ರವಾಸದ ದಣಿವೂ ಮಾದಕ ವ್ಯಸನವೂ ಸೇರಿ ಅದು ಇನ್ನಷ್ಟು ಒರಟಾಗಿತ್ತು. ಆದರೂ ‘ಕ್ಯಾನ್ ಯು ಹಿಯರ್ ಮಿ’ ಗೀತೆಯಲ್ಲಿ ಸಹಗಾಯಕರ ದುಂಡು ದನಿಗಳ ನಡುವೆ ಆ ಸೀಳಿದ ಕಂಠ ಒಂಟಿಯಾಗಿ ಕೇಳಿಸುವಾಗ, ಅನುಕರಣೆಯಿಂದ ಹುಟ್ಟಲಾರದ ಆರ್ತತೆಯೊಂದು ಅಲ್ಲಿದೆ ಎಂದೇ ನನಗೆ ಅನಿಸುತ್ತದೆ.

ವೇಷವಾಗಿದ್ದರೆ ಅದನ್ನು ಕಳಚಿದೊಡನೆ ಜೊತೆಗಾರರೂ ಬದಲಾಗಬೇಕಿತ್ತು. 1976ರ ‘ಸ್ಟೇಷನ್ ಟು ಸ್ಟೇಷನ್’ ಆಲ್ಬಮ್ಮಿನ ಹೊತ್ತಿಗೆ ಬೋವಿ ಅವರ ಹಾದಿ ಹೊರಳಿತ್ತು, ಮುಂದೆ ಬರ್ಲಿನ್ನಿನ ದಿನಗಳಲ್ಲಿ ಸಂಗೀತ ಗುರುತು ಸಿಗದಷ್ಟು ಬದಲಾಯಿತು. ಆದರೆ ಅಲೊಮಾರ್, ‘ಫೇಮ್’ಗೆ ಡ್ರಮ್ಸ್ ನುಡಿಸಿದ್ದ ಡೆನ್ನಿಸ್ ಡೇವಿಸ್ ಮತ್ತು ಬಳಿಕ ಬಂದ ಬೇಸ್ ವಾದಕ ಜಾರ್ಜ್ ಮರ್ರೆ 1980ರವರೆಗೂ ಅವರ ಆಲ್ಬಮ್‌ಗಳ ತಾಳ, ಲಯವನ್ನು ಹೊತ್ತು ನಡೆದರು.